ಕಷಾಯದ ಚರಟ

ಸಿಟ್ಟು ಮಾಡಿಕೊಳ್ಳಬಾರದೆಂದು ನನಗೆ ಕಷಾಯ ಕುಡಿಸಿದರು. ಅದೂ ಯಾರು? ನನ್ನನ್ನು ಎತ್ತಿ ಆಡಿಸಿದ ಕುವಾಂಗ್ ದೊಡ್ಡಪ್ಪ! ಚೀನಾದ ಶಾವೊಶಿಂಗ್ ಊರಿನ ನಮ್ಮ ಕಾಲುವೆ ಬೀದಿಯಲ್ಲಿ ನಾಡಿ ನೋಡಲು ಅವರನ್ನು ಬಿಟ್ಟರೆ ಇನ್ನೊಬ್ಬರಿಲ್ಲ.

ಅಮ್ಮ ಸತ್ತ ಮೇಲೆ ನನಗೆ ನಿದ್ದೆ ಹತ್ತುತ್ತಿರಲಿಲ್ಲ. ತಮ್ಮ ಬೋಲಿನ್ ತಾನೇ ಅವರ ಬಳಿಗೆ ಕರೆದೊಯ್ದ. ದೊಡ್ಡಪ್ಪ ಮಣಿಕಟ್ಟಿನ ಮೇಲೆ ಮೂರು ಬೆರಳಿಟ್ಟು ಕಣ್ಣು ಮುಚ್ಚಿದರು.

"ಪೇಯುನ್, ನಿನ್ನ ಚೀ ಕಟ್ಕೊಂಡ್ಬಿಟ್ಟಿದೆ ಕಣಮ್ಮಾ. ಹರಿಯೋ ನೀರು ಪಕ್ಕೆ ಕೆಳಗೆ ನಿಂತ್ಬಿಟ್ಟಿದೆ. ಸಿಟ್ಟೇ ಇದಕ್ಕೆಲ್ಲ ಮೂಲ. ಚಳಿಗಾಲ ಮುಗಿಯೋವರೆಗೂ ಅಂಗಡಿ ಕಡೆ ತಲೆ ಹಾಕ್ಬೇಡ, ಯಾರ ಹತ್ರಾನೂ ವಾದಕ್ಕೆ ನಿಲ್ಬೇಡ."

ಚೀ ಎಂದರೆ ಮೈಯೊಳಗೆ ಓಡಾಡುವ ಉಸಿರು, ಜೀವದ ಕಸುವು. ಸಿಟ್ಟು ಬಂತು ಎನ್ನುವುದಕ್ಕೂ ನಾವು ಚೀ ಎದ್ದಿತು ಎಂದೇ ಹೇಳುತ್ತೇವೆ. ನನ್ನದಂತೂ ಹುಟ್ಟಿದಾಗಿನಿಂದ ಎದ್ದೇ ಇದೆ! ಹಾಗಾಗಿ ನಂಬಿದೆ.

ಅಂಗಡಿ ಎಂದರೆ ಅಮ್ಮನ ತೋಫು ಅಂಗಡಿ, ಬೀದಿಯ ಸಮಿತಿಯಿಂದ ಬಾಡಿಗೆಗೆ ಪಡೆದದ್ದು. ಇನ್ನು ಮುಂದೆ ಅದು ಯಾರಿಗೆ ಎಂದು ಸಮಿತಿ ಆ ಚಳಿಗಾಲದಲ್ಲೇ ತೀರ್ಮಾನಿಸಬೇಕಿತ್ತು. ನಸುಕಿನಲ್ಲೆದ್ದು ಸೋಯಾ ಬೀಸಿ ಕೈ ಸವೆಸಿದವಳು ನಾನು. ನನಗೇ ಬರಬೇಕೆಂದು ಕೇಳಲು ಹೊರಟರೆ ಬೋಲಿನ್ ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದ.

"ಅಕ್ಕಾ, ಚೀ ಏಳಿಸ್ಕೋಬೇಡ. ನಿನ್ ಪರವಾಗಿ ನಾನ್ ಮಾತಾಡ್ತೀನಿ. ನೀನು ಕಷಾಯ ಕುಡಿ."

ಬಾಯಿ ಮುಚ್ಚಿಕೊಂಡು ಕುಡಿದೆ ಎಂದರೆ ನಗಬೇಡಿ, ಹಾಗೆಯೇ ಕುಡಿದೆ. ಕಷಾಯ ಸಿಹಿಯಾಗಿತ್ತು. ದಡ್ಡಿ, ಆಗಲೂ ನನಗೆ ಹೊಳೆಯಲಿಲ್ಲ.

ಕುದಿಸಿದ ಚರಟವನ್ನು ಬೀದಿಯ ನಡುವೆ ಸುರಿಯುವುದು ನಮ್ಮಲ್ಲಿ ವಾಡಿಕೆ. ತುಳಿದವರ ಕಾಲಿಗೆ ಅಂಟಿ ಕಾಯಿಲೆ ಹೊರಟುಹೋಗುತ್ತದಂತೆ. ಹೊಸವರ್ಷದ ಹಬ್ಬ ಕಳೆದು ಒಂದು ಬೆಳಿಗ್ಗೆ ಸುರಿಯುತ್ತಿದ್ದೆ. ಉಳಿದವರು ಬಳಸಿಕೊಂಡು ಹೋದರು. ದೊಡ್ಡಪ್ಪನ ಸೊಸೆ ಸೂಮೇಯ್ ಮಾತ್ರ ಅದರ ಮೇಲೇ ನಡೆದುಬಂದಳು.

"ಅಯ್ಯೋ, ತುಳಿದ್ಬಿಟ್ಯಲ್ಲೇ!"

"ತುಳಿದ್ರೇನಾಯ್ತು ಅಕ್ಕಾ? ಬರೀ ಕಿತ್ತಳೆ ಸಿಪ್ಪೆ, ಒಣ ಎಲಚಿಹಣ್ಣು. ಪೊಟ್ಟಣ ಕಟ್ಟಿದ್ದು ನಾನೇ ಅಲ್ವಾ? ನಿಮ್ ನಾಡಿ ಎಮ್ಮೆ ನಾಡಿ ಥರ ಗಟ್ಟಿ ಇದೆ ಅಂತ ಮಾವ ನಗ್ತಿದ್ರು..." ಎಂದವಳು ನಾಲಿಗೆ ಕಚ್ಚಿಕೊಂಡಳು.

ಅಂಗಡಿಗೆ ಓಡಿದೆ. ಬಾಗಿಲ ಮೇಲೆ ದೊಡ್ಡಪ್ಪನ ಮಗನ ಔಷಧಿ ಅಂಗಡಿಯ ಹೊಸ ಫಲಕ ಏರುತ್ತಿತ್ತು. ಏಣಿ ಹಿಡಿದು ನಿಂತವನು ನನ್ನ ತಮ್ಮ! ಒಳಗೆ ಅಮ್ಮನ ಬೀಸುಕಲ್ಲಿನ ಮೇಲೆ ಬೇರುಗಳ ಮೂಟೆ ಪೇರಿಸಿದ್ದರು.

"ಸಮಿತಿ ಮುಂದೆ ಏನಂದ್ಯೋ?"

ಬೋಲಿನ್ ತಲೆ ಎತ್ತಲಿಲ್ಲ. "ಅಕ್ಕಂಗೆ ಹುಷಾರಿಲ್ಲ, ಅವಳ ಕೈಲಿ ಆಗಲ್ಲ ಅಂದೆ. ದೊಡ್ಡಪ್ಪಾನೂ ಹೌದು ಅಂದ್ರು. ನನ್ನನ್ನ ಗಲ್ಲಾ ಮೇಲೆ ಕೂರಿಸ್ತಾರಂತೆ ಕಣೇ."

ಗಲ್ಲಾ ಮೇಲೆ ಕೂರಲು ಒಡಹುಟ್ಟಿದವಳನ್ನು ರೋಗಿ ಮಾಡಿದ!

ದೊಡ್ಡಪ್ಪ ಒಳಗಿನಿಂದ ಬಂದರು. "ಸಮಾಧಾನ ಮಗಳೇ, ನಿನ್ನ ಚೀ..."

ಕೈ ಚಾಚಿದೆ. "ಹಿಡೀರಿ ದೊಡ್ಡಪ್ಪಾ. ಎಲ್ರ ಮುಂದೆ ಹೇಳಿ, ಇದು ರೋಗಾನೋ, ಸಿಟ್ಟೋ?"

ಅಭ್ಯಾಸಬಲದಿಂದ ಮೂರು ಬೆರಳಿಟ್ಟರು. ಮುಖ ಬಿಳಿಚಿಕೊಂಡಿತು. ಚಟ್ಟನೆ ಬೆರಳು ತೆಗೆದರು.

ಅವತ್ತಿನಿಂದ ನನ್ನ ಪಕ್ಕೆಯ ಕೆಳಗೆ ಏನೋ ನಿಜವಾಗಿಯೂ ಕಟ್ಟಿಕೊಂಡಿದೆ. ಉಸಿರೆಳೆದರೆ ಚುಚ್ಚುತ್ತದೆ. ಯಾರಿಗಾದರೂ ತೋರಿಸಿಕೋ ಎನ್ನುತ್ತಾರೆ ನೆರೆಯವರು. ಯಾರಿಗೆ ತೋರಿಸಲಿ? ನಮ್ಮ ಬೀದಿಯಲ್ಲಿ ನಾಡಿ ಬಲ್ಲವರು ಅವರೊಬ್ಬರೇ.