ಆರು ಮೂಲೆಯ ಕಾಗದ

"ಕಾಗದ ಎಲ್ಲಾ ತೆಗೆದ್ಯಾ, ಪುಟ್ಟಿ?"

ಫೋನಿನಲ್ಲಿ ಅಕ್ಕ ಕೇಳಿದಾಗ ಪುಟ್ಟಿಯ ಹಲ್ಲುಗಳ ನಡುವೆ ದಾರವಿತ್ತು. ಕಚ್ಚಿ ತುಂಡರಿಸಿ, "ತೆಗೀತಾ ಇದ್ದೀನಿ" ಎಂದಳು. ನಲವತ್ತಾರು ತುಂಬಿ, ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸಲಾಗದಿದ್ದರೂ ಅಕ್ಕನ ಬಾಯಲ್ಲಿ ಅವಳಿನ್ನೂ ಪುಟ್ಟಿ.

"ಹಿಂಬದಿ ಬಟ್ಟೆ ಹಾಕೋ ಮುಂಚೆ ಒಂದ್ಸಲ ತಡವಿ ನೋಡು. ಒಂದು ತುಂಡು ಉಳಿದ್ರೂ ಪರಪರ ಅನ್ನುತ್ತೆ. ನನ್ನ ನಿದ್ದೆ ಎಂಥದ್ದು ಅಂತ ಗೊತ್ತಲ್ಲ? ನಾಳೆ ಮಧ್ಯಾಹ್ನ ಬರ್ತೀನಿ."

ಗೊತ್ತಿಲ್ಲದೆ ಏನು. ಪಕ್ಕದ ಮನೆಯಲ್ಲಿ ಯಾರೋ ಸೀನಿದರೆ ಎದ್ದು ಕೂರುವ ಹೆಂಗಸು ಅದು.

ಈ ಕೆಲಸವನ್ನು ಅಮ್ಮ ಇಬ್ಬರಿಗೂ ಕಲಿಸಿದ್ದಳು. ಹಳೇ ಕಾಗದವನ್ನು ಆರು ಮೂಲೆ ಬರುವಂತೆ ಕತ್ತರಿಸಬೇಕು, ಅದರ ಮೇಲೆ ಬಟ್ಟೆ ಮಡಚಿ ಕಚ್ಚಾ ಹೊಲಿಗೆ ಹಾಕಬೇಕು, ಅಂಥ ತುಂಡುಗಳನ್ನು ಅಂಚಿಗೆ ಅಂಚು ಸೇರಿಸುತ್ತ ಹೋಗಬೇಕು. ಆರೂ ಬದಿ ಸೇರಿದ ಮೇಲೆ ಕಚ್ಚಾ ದಾರ ಎಳೆದರೆ ಕಾಗದ ತಾನಾಗಿ ಜಾರಿ ಬರುತ್ತದೆ. ಆಮೇಲಷ್ಟೇ ಹಿಂಬದಿಯ ಬಟ್ಟೆ.

ಹೋದ ವರ್ಷ ಅಮ್ಮ ತೀರಿಕೊಂಡ ವಾರದಲ್ಲೇ ಅಕ್ಕ ಬಂದು ಅವಳ ಬಟ್ಟೆಗಳನ್ನೆಲ್ಲ ಬಾಚಿಕೊಂಡು ಹೋಗಿದ್ದಳು. ಇಪ್ಪತ್ತೊಂದು ವರ್ಷ ಹಾಸಿಗೆ ಹಿಡಿದ ಅಮ್ಮನ ಮಗ್ಗುಲು ಬದಲಿಸಿದವಳು ಪುಟ್ಟಿ. ನೆನಪಿಗೆ ಬಟ್ಟೆ ಬೇಕಾದದ್ದು ಅಕ್ಕನಿಗೆ. ನಾಲ್ಕು ತಿಂಗಳ ಹಿಂದೆ ಅವೇ ಬಟ್ಟೆಗಳನ್ನು ತನ್ನ ಮದುವೆಯ ಹಳೇ ಸೂಟ್‌ಕೇಸಿಗೆ ತುಂಬಿ ಕಳಿಸಿದಳು. ಕೌದಿ ಮಾಡಿಕೊಡಬೇಕಂತೆ, ಅಮ್ಮನನ್ನು ಹೊದ್ದುಕೊಂಡು ಮಲಗಬೇಕಂತೆ.

ಸೂಟ್‌ಕೇಸಿನ ಅಸ್ತರಿನೊಳಗಿನ ಜೇಬನ್ನು ನೋಡಿಕೊಳ್ಳಲು ಮಾತ್ರ ಅಕ್ಕ ಮರೆತಿದ್ದಳು. ಅದರಲ್ಲಿ ಮೂರು ಪತ್ರಗಳಿದ್ದವು, ಮೂರೂ ಪುಟ್ಟಿಯ ಹೆಸರಿಗೆ. ದೊಡ್ಡ ಊರಿನ ಹೊಲಿಗೆ ಶಾಲೆಯವು. 'ನಿಮ್ಮ ಕೆಲಸ ನಮಗೆ ಬಹಳ ಮೆಚ್ಚುಗೆಯಾಗಿದೆ, ಕೂಡಲೇ ಬಂದು ಸೇರಿ' ಎಂದಿತ್ತು ಮೊದಲನೆಯದು. ಇನ್ನೊಂದು ತಿಂಗಳು ಕಾಯುತ್ತೇವೆ ಎಂದಿತ್ತು ಎರಡನೆಯದು. ನಿಮ್ಮ ಜಾಗ ಬೇರೆಯವರಿಗೆ ಹೋಯಿತು ಎಂದಿತ್ತು ಮೂರನೆಯದು.

ಆಗ ಪುಟ್ಟಿಗೆ ಇಪ್ಪತ್ನಾಲ್ಕು. ಹೊಲಿಗೆಯ ಮಾದರಿ ಕಳಿಸಿ, ದಿನವೂ ಅಂಚೆಗಾಗಿ ಬಾಗಿಲು ಕಾಯುತ್ತಿದ್ದವಳಿಗೆ ಅಕ್ಕ ಹೇಳಿದ್ದಳು: "ನಿನ್ನ ಕೈ ಅವರಿಗೆ ಹಿಡಿಸಿಲ್ಲ ಬಿಡು." ಅದನ್ನು ನಂಬಿ ಪುಟ್ಟಿ ಇಪ್ಪತ್ತೆರಡು ವರ್ಷ ಕಂಡವರ ಪ್ಯಾಂಟಿನ ಜಿಪ್ಪು ಬದಲಿಸಿದಳು. ಯಾರಾದರೂ ಕೆಲಸ ಹೊಗಳಿದರೆ ಮುಖ ತಿರುಗಿಸಿದಳು. ಪತ್ರ ಓದಿದ ದಿನ ಅವಳಿಗೆ ಅಳು ಬರಲಿಲ್ಲ. ಕತ್ತರಿ ತೆಗೆದುಕೊಂಡಳು.

ಮೂರು ಪತ್ರ ಕತ್ತರಿಸಿದರೆ ಆರು ಮೂಲೆಯ ನಲವತ್ತೆರಡು ತುಂಡು. ಉಳಿದ ನಾನೂರು ಚಿಲ್ಲರೆ ತುಂಡುಗಳಿಗೆ ಹಳೇ ಕ್ಯಾಲೆಂಡರು ಸಾಕಾಯಿತು. ಕ್ಯಾಲೆಂಡರಿನ ಕಾಗದವನ್ನೆಲ್ಲ ಅಮ್ಮ ಕಲಿಸಿದಂತೆ ಎಳೆದು ತೆಗೆದಳು. ಆ ನಲವತ್ತೆರಡನ್ನು ಕೌದಿಯ ತಲೆಯ ಕಡೆ, ಸರಿಯಾಗಿ ಕಿವಿ ಬರುವಲ್ಲಿ ಉಳಿಸಿ, ಹಿಂಬದಿ ಬಟ್ಟೆ ಹಾಕಿ, ಸುತ್ತ ಅಂಚು ಕಟ್ಟಿದಳು. ಜನ್ಮದಲ್ಲೇ ಅಷ್ಟು ಸಣ್ಣ ಹೊಲಿಗೆ ಹಾಕಿರಲಿಲ್ಲ.

ಮರುದಿನ ಅಕ್ಕ ಬಂದವಳೇ ಪುಟ್ಟಿಯ ಮನೆಯ ಬೆಂಚಿನ ಮೇಲೆ ಉದ್ದಕ್ಕೆ ಮಲಗಿ ಕೌದಿಯನ್ನು ಕತ್ತಿನವರೆಗೆ ಎಳೆದುಕೊಂಡಳು. "ಅಯ್ಯೋ, ಅಮ್ಮನ ವಾಸನೆ ಹಾಗೇ ಇದೆ ಕಣೇ!" ಎಂದು ಮಗ್ಗುಲಾದಳು.

ಪರಪರ.

"ಏನೇ ಇದು? ಕಾಗದ ಬಿಟ್ಟಿದ್ದೀಯ!"

"ಹೂಂ, ನಲವತ್ತೆರಡು."

"ತಲೆ ಕೆಟ್ಟಿದೆಯಾ ನಿಂಗೆ?"

ಪುಟ್ಟಿ ಸೂಟ್‌ಕೇಸನ್ನು ತಂದು ಅಕ್ಕನ ಮುಂದೆ ತೆರೆದಿಟ್ಟಳು. ಅಸ್ತರಿನ ಜೇಬು ಬಾಯಿ ಬಿಟ್ಟುಕೊಂಡಿತ್ತು. ಅಕ್ಕನ ಮುಖದ ಬಣ್ಣ ಇಳಿಯುವುದನ್ನು ಅವಳು ಕಣ್ಣು ಮಿಟುಕಿಸದೆ ನೋಡಿದಳು, ಅದನ್ನು ನೋಡಲೆಂದೇ ನಾಲ್ಕು ತಿಂಗಳು ಹೊಲಿದಿದ್ದಳು.

"ನನ್ನ ಮದುವೆ ಗೊತ್ತಾಗಿತ್ತು," ಎಂದಳು ಅಕ್ಕ. "ನೀನೂ ಹೋಗಿದ್ರೆ ಅಮ್ಮನ್ನ ಯಾರು ನೋಡ್ಕೋತಿದ್ರು?"

"ಕೇಳಿದ್ರೆ ನಾನೇ ಉಳೀತಿದ್ನೇನೋ. ನೀನು ಕೇಳ್ಲಿಲ್ಲ. ಕೈ ಸರಿಯಿಲ್ಲ ಅಂದೆ."

ಅಕ್ಕ ಕೈ ಚಾಚಿ, "ಕತ್ತರಿ ಕೊಡು, ಬಿಚ್ತೀನಿ" ಎಂದಳು.

ಪುಟ್ಟಿ ಕೊಟ್ಟಳು. "ಬಿಚ್ಚು. ಹುಷಾರು, ಅಮ್ಮನ ಬಟ್ಟೆ ಹಳೇದು. ನನ್ನ ಹೊಲಿಗೆ ಬಿಗಿ. ಹೊಲಿಗೆ ಬಿಡೋ ಮುಂಚೆ ಬಟ್ಟೆ ಹರಿಯುತ್ತೆ."

ಅಕ್ಕ ಕತ್ತರಿಯ ತುದಿಯನ್ನು ಅಂಚಿಗೆ ತಾಗಿಸಿದಳು. ಹಿಡಿಯಲು ಒಂದು ಎಳೆಯೂ ಸಿಗಲಿಲ್ಲ. ಹೊಲಿಗೆಯ ಮೇಲೆ ಬೆರಳಾಡಿಸಿ, ಕತ್ತರಿಯನ್ನು ಮೇಜಿನ ಮೇಲಿಟ್ಟು, ಕೌದಿ ಮಡಚತೊಡಗಿದಳು. ಪ್ರತಿ ಮಡಿಕೆಗೂ ಅದು ಸದ್ದು ಮಾಡಿತು.

ಅಕ್ಕ ಹೊರಟು ಹೋದ ಮೇಲೆ ಪುಟ್ಟಿ ಕಿಟಕಿಯಿಂದ ನೋಡಿದಳು. ಎದುರಿನ ಬಸ್‌ ನಿಲ್ದಾಣದ ಬೆಂಚಿನಲ್ಲಿ ಅಕ್ಕ ಕೌದಿಯನ್ನು ಮಡಿಲಲ್ಲಿಟ್ಟುಕೊಂಡು, ಅದರ ಮೇಲೆ ಎರಡೂ ಕೈ ಊರಿ, ಒಂದಿಷ್ಟೂ ಅಲುಗಾಡದೆ ಕುಳಿತಿದ್ದಳು. ಒಂದು ಬಸ್ಸು ಬಂದು ಹೋಯಿತು. ಅವಳು ಏಳಲಿಲ್ಲ.