ಐವತ್ತಾರನೆಯ ಮರ

"ಇದೂ ಬೇಡ," ಎಂದು ಲಮಾಯ್ ಎಂಟನೆಯ ತೆಂಗಿನಕಾಯಿಯನ್ನೂ ಉಳಿದ ಏಳರ ಪಕ್ಕಕ್ಕೆ ಉರುಳಿಸಿದಳು.

ಕಾಯಿ ತಂದಿದ್ದ ಹೆಂಗಸು ಟವಲಿನಿಂದ ಕತ್ತು ಒರೆಸಿಕೊಂಡಳು. ವಿಹಾರದ ಹಜಾರದಲ್ಲಿ ನಾಲ್ಕು ಫ್ಯಾನುಗಳು ಅದೇ ಬಿಸಿ ಗಾಳಿಯನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುತ್ತಿದ್ದವು. ಅವುಗಳ ಆಚೆ, ಹೂವಿನ ನಡುವೆ ಇಟ್ಟ ಬಿಳಿ ಪೆಟ್ಟಿಗೆಯಲ್ಲಿ ಲಮಾಯಳ ಗಂಡ ಸಂಗುವಾನ್ ಮಲಗಿ ಮೂರು ದಿನವಾಗಿತ್ತು. ಇವತ್ತು ನಾಲ್ಕು ಗಂಟೆಗೆ ದಹನ. ಅದಕ್ಕೆ ಮೊದಲು ಮುಚ್ಚಳ ತೆಗೆದು, ಕಾಯಿ ಕೆತ್ತಿ, ಅದರ ನೀರಿನಿಂದ ಸತ್ತವರ ಮುಖ ತೊಳೆಯಬೇಕು. ಯಾರ ಕೈಯೂ ಸೋಕದ ನೀರು. ಆ ನೀರು ಕಾಣದೆ ಮೇಕ್ಲಾಂಗ್ ನದಿಯ ಈ ದಂಡೆಯಲ್ಲಿ ಯಾರೂ ಬೆಂಕಿಗೆ ಹೋದದ್ದಿಲ್ಲ.

"ನನ್ನ ತಮ್ಮನ್ನ ಒಪ್ಕೊಳ್ಳೋವಾಗ್ಲೂ ನೀನು ಇಷ್ಟು ಆರಿಸ್ಲಿಲ್ವಲ್ಲೇ," ಎಂದಳು ಚಲಾವ್. ಸಂಗುವಾನನ ಅಕ್ಕ. ಎಪ್ಪತ್ತು ದಾಟಿದರೂ ಅವಳ ನಾಲಿಗೆಗೆ ಮಾತ್ರ ವಯಸ್ಸಾಗಿರಲಿಲ್ಲ. "ಏನು ಕೊರತೆ ಇದಕ್ಕೆ? ದುಂಡಗಿದೆ, ಅಲ್ಲಾಡಿಸಿದ್ರೆ ನೀರು ಗಳಗಳ ಅಂತದೆ."

"ಕೊರತೆ ಏನಿಲ್ಲ ಅತ್ತಿಗೆ. ನಮ್ಮ ತೋಟದ್ದಲ್ಲ, ಅಷ್ಟೆ."

ಹಿಂದಿನ ಸಾಲಿನಲ್ಲಿ ಯಾರೋ ನಗು ತಡೆಯಲಾರದೆ ಕೆಮ್ಮಿದರು.

"ನಿಮ್ಮ ತೋಟ ಯಾವತ್ತೇ ಕಾಯಿ ಬಿಟ್ಟಿತ್ತು?" ಎಂದಳು ಚಲಾವ್.

ಬಿಟ್ಟಿರಲಿಲ್ಲ. ಐವತ್ತಾರು ತೆಂಗಿನ ಮರಗಳಿದ್ದವು, ಆದರೆ ಅದು ಬೆಲ್ಲದ ತೋಟ. ಹೊಂಬಾಳೆ ಬಿರಿಯುವ ಮೊದಲೇ ಅದನ್ನು ಬಿಗಿದು ಬಗ್ಗಿಸಿ, ದಿನಕ್ಕೆರಡು ಸಲ ತುದಿ ಕೊಯ್ದು, ಒಸರುವ ನೀರಾವನ್ನು ಬಿದಿರ ಗೊಟ್ಟದಲ್ಲಿ ಹಿಡಿದು ಕಾಯಿಸುವ ತೋಟ. ಹೂವಾಗಬೇಕಾದದ್ದೆಲ್ಲ ಬೆಲ್ಲವಾಗಿ ಹೋದಮೇಲೆ ಕಾಯಿ ಎಲ್ಲಿಂದ ಬರಬೇಕು?

"ಅಮ್ಮಾ," ಎಂದು ಮಗಳು ಬುಪ್ಪಾ ಬಗ್ಗಿ ಪಿಸುಗುಟ್ಟಿದಳು. "ಜನ ನೋಡ್ತಿದಾರೆ. ಯಾವುದಾದ್ರೂ ಒಂದು ತಗೋ. ಅಪ್ಪ ಏನಾದ್ರೂ ಅಂತಾರಾ?"

"ಅಂದಿದಾರೆ," ಎಂದಳು ಲಮಾಯ್.

*

ನಲವತ್ತೊಂದು ವರ್ಷದ ಹಿಂದೆ ಲಮಾಯ್ ಉಪ್ಪಿನ ಗದ್ದೆಗಳ ಊರಿಂದ ದೋಣಿಯಲ್ಲಿ ಬಂದಿದ್ದಳು. ಅಲ್ಲಿ ಕಣ್ಣು ಹಾಯುವವರೆಗೂ ಬಿಳಿ ನೆಲ, ನೆರಳಿಗೊಂದು ಗಿಡವಿಲ್ಲ. ಗಂಡಿನ ಕಡೆಯವರಿಗೆ ತೆಂಗಿನ ತೋಟವಿದೆ ಎಂದು ಕೇಳಿದಾಗ ಅವಳು ಗಂಡಿನ ಬಗ್ಗೆ ಹೆಚ್ಚೇನೂ ವಿಚಾರಿಸಲಿಲ್ಲ. ಮದುವೆಯ ಮರುದಿನ ಬೆಳಗ್ಗೆ ತೋಟಕ್ಕೆ ಓಡಿ, ಕತ್ತೆತ್ತಿ ಮರದಿಂದ ಮರಕ್ಕೆ ನೋಡುತ್ತಾ ಹೋದಳು. ಕೊನೆಯ ಮರದ ತನಕ ಹೋದಳು.

ಏಣಿಯ ಮೇಲಿದ್ದ ಸಂಗುವಾನ್ ಕೇಳಿದ: "ಏನು ಕಳ್ಕೊಂಡೆ?"

"ಕಾಯಿ ಎಲ್ರೀ?"

ಅವನು ನಕ್ಕ ನಗೆಗೆ ಕೈಯಲ್ಲಿದ್ದ ಗೊಟ್ಟ ಜಾರಿ ಕಾಲುವೆಗೆ ಬಿತ್ತು. ಆ ದಿನ ಸಾರಿಗೆ ಬೇಕಾದ ಕಾಯಿಯನ್ನು ಲಮಾಯ್ ದೋಣಿಯ ಅಂಗಡಿಯವಳಿಂದ ಕೊಂಡಳು. ಆಮೇಲೂ ಹಾಗೆಯೇ ಕೊಳ್ಳುತ್ತಾ ಬಂದಳು. ವರ್ಷಕ್ಕೊಂದು ಸಲವಾದರೂ ಕೇಳುತ್ತಿದ್ದಳು: "ಒಂದೇ ಒಂದು ಮರ ಬಿಟ್ಬಿಡ್ರೀ. ನಮ್ಮದೇ ಮರದ ಎಳನೀರು ಕುಡೀಬೇಕು ನಾನು." ಅವನು ಹೊಂಬಾಳೆ ಕತ್ತಿಯನ್ನು ಕಲ್ಲಿಗೆ ಉಜ್ಜುತ್ತಾ ಹೇಳುತ್ತಿದ್ದ: "ಒಂದು ಅಂತ ಶುರುವಾಗ್ತದೆ. ನಿನ್ನ ಬಾಯಿಗೆ ಇಡೀ ತೋಟ ಸಾಲಲ್ಲ. ನೋಡ್ತಿರು, ನಾನು ಸತ್ರೆ ನನ್ನ ಮುಖ ತೊಳಿಯೋಕೂ ನೀನು ಕಾಯಿ ಕೊಂಡೇ ತರ್ಬೇಕು."

"ತರಲ್ಲ. ತೊಳೀದೇ ಕಳಿಸ್ತೀನಿ."

"ಕಳಿಸು. ಬೆಲ್ಲದ ಜಿಗುಟಲ್ಲೇ ಹೋಗ್ತೀನಿ."

ಇಬ್ಬರೂ ನಗುತ್ತಿದ್ದರು. ಆ ಮಾತು ಅವರಿಬ್ಬರ ನಡುವೆ ಹಳೆಯ ಬಟ್ಟೆಯಂತೆ ಮೆತ್ತಗಾಗಿಬಿಟ್ಟಿತ್ತು.

*

ಹಜಾರದ ಮೆಟ್ಟಿಲ ಹತ್ತಿರ ಗಂಡಸರು ಕೂತಿದ್ದರು. ಅವರ ಮಾತು ಸುತ್ತಿ ಸುತ್ತಿ ಸೆಕೆಯ ಕಡೆಗೇ ಬರುತ್ತಿತ್ತು.

"ನಿನ್ನೆ ಒಂದು ಕೊಪ್ಪರಿಗೆ ಪೂರಾ ಕಾಲುವೆಗೆ ಚೆಲ್ಲಿದೆ. ನೊರೆ ನೊರೆ. ನೀರಾ ಮರದ ಮೇಲೇ ಹುಳಿ ಹಿಡೀತದಲ್ಲೋ."

"ಹುಳಿ ತಡೆಯೋ ಮರದ ಚಕ್ಕೆ ಹಾಕಿದ್ಯಾ ಗೊಟ್ಟಕ್ಕೆ?"

"ಒಂದು ಹಿಡಿ ಹಾಕ್ತಿದ್ದೋನು ಮೂರು ಹಿಡಿ ಹಾಕ್ದೆ. ಬೆಲ್ಲ ಒಗರಾಯ್ತೇ ಹೊರತು ಗಟ್ಟಿ ಆಗ್ಲಿಲ್ಲ."

"ನನ್ನ ಲಿಚಿ ಹೂವೇ ಬಿಡ್ಲಿಲ್ಲ ಈ ವರ್ಷ. ಚಳಿ ಬಂದಿದ್ರೆ ತಾನೇ."

"ಕಾಲುವೆ ನೀರು ಬಾಯಿಗೆ ಹಾಕಿ ನೋಡಿದ್ಯಾ? ಸಮುದ್ರ ಇಲ್ಲೀತನಕ ಬಂದಿದೆ."

ಲಮಾಯ್ ಕೇಳಿಸಿಕೊಳ್ಳುತ್ತಿದ್ದಳು. ಈ ಬೇಸಿಗೆಯೇ ಹಾಗಿತ್ತು. ಮಳೆಯಿಲ್ಲ, ಆದರೆ ಗಾಳಿ ಒದ್ದೆ. ಒಗೆದ ಬಟ್ಟೆ ಎರಡು ದಿನ ಒಣಗುತ್ತಿರಲಿಲ್ಲ. ಬೆಳಗ್ಗೆ ಕಟ್ಟಿದ ಗೊಟ್ಟ ಸಂಜೆ ಇಳಿಸುವ ಹೊತ್ತಿಗೆ ಹೆಂಡದ ವಾಸನೆ ಹೊಡೆಯುತ್ತಿತ್ತು. ಸಂಗುವಾನ್ ಎರಡು ವಾರ ನೋಡಿದ. ಆಮೇಲೆ ನಡುಮಧ್ಯಾಹ್ನವೂ ಮರ ಹತ್ತಲು ಶುರುಮಾಡಿದ. ಹುಳಿಯಾಗುವ ಮೊದಲೇ ಇಳಿಸಿಬಿಟ್ಟರೆ ಬೆಲ್ಲ ಕಟ್ಟುತ್ತದೆಂಬ ಲೆಕ್ಕ. ಬೆಲ್ಲ ಕಟ್ಟಿತು ಕೂಡ.

"ಈ ಮೂರನೇ ಸಲದ್ದು ಬೇಡ ಕಣ್ರೀ," ಎಂದಿದ್ದಳು ಅವನ ಕೊನೆಯ ದಿನ.

"ಹತ್ತೇ ಹತ್ತು ಮರ. ಅನ್ನ ಹಾಕಿಡು, ಬಂದೆ."

ಅನ್ನ ಆರಿತು. ಅವಳು ಹೋಗಿ ನೋಡಿದಾಗ ಅವನು ಒಂಬತ್ತನೆಯ ಮರಕ್ಕೆ ಒರಗಿ, ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಪಕ್ಕದಲ್ಲಿ ಎರಡು ತುಂಬಿದ ಗೊಟ್ಟಗಳು ನೆಟ್ಟಗೆ ನಿಂತಿದ್ದವು. ಒಂದು ಹನಿಯೂ ಚೆಲ್ಲಿರಲಿಲ್ಲ.

*

ಊಟದ ಹೊತ್ತಿಗೆ ಪಕ್ಕದ ತೋಟದ ತೇಂಗ್ ಬಂದು ಲಮಾಯಳ ಎದುರು ಮಂಡಿಯೂರಿ ಕೂತ. ಐವತ್ತರ ಗಂಡಸು; ಮರದ ಮೇಲೆ ಹಾಡು ಹೇಳುವವನಿಗೆ ನೆಲದ ಮೇಲೆ ಮಾತು ಬರುತ್ತಿರಲಿಲ್ಲ.

ಅವಳೇ ಶುರುಮಾಡಿದಳು. "ಮೂರು ದಿನದಿಂದ ಬೆಳಗ್ಗೆ ಗೊಟ್ಟ ಗೊಟ್ಟಕ್ಕೆ ತಾಗೋ ಸದ್ದು ಕೇಳ್ತಿದೆ. ನೀನಾ?"

"ಕೊಯ್ಯದೆ ಬಿಟ್ರೆ ಹೊಂಬಾಳೆ ಬತ್ತಿಹೋಗ್ತದಲ್ಲ ಅಕ್ಕ. ಅಣ್ಣ ಸಾಕಿದ ಮರಗಳು." ಅವನು ನೆಲ ನೋಡಿದ. "ಬೆಲ್ಲ ನಮ್ಮ ಮನೇಲಿ ಕಾಯಿಸಿಟ್ಟಿದೀವಿ."

ಮೊದಲ ದಿನ ಆ ಸದ್ದಿಗೆ ಎದ್ದು ಅವಳು ಒಲೆಯ ಮೇಲೆ ಕಾಫಿಗೆ ನೀರಿಟ್ಟಿದ್ದಳು, ಎರಡು ಲೋಟಕ್ಕೆ. ಅದನ್ನು ಅವನಿಗೆ ಹೇಳಲಿಲ್ಲ.

"ನಾನು ಬಂದಿದ್ದು ಅದಕ್ಕಲ್ಲ," ಎಂದ ತೇಂಗ್. "ಕಾಯಿ ವಿಷಯ. ಹೇಳಿದ್ರೆ ನನ್ನ ಏಣಿ ಮುರೀತೀನಿ ಅಂದಿದ್ದ ಅಣ್ಣ. ಈಗ ಹೇಳ್ಬೋದು ಅನ್ಸುತ್ತೆ. ಕೊನೇ ಮರ ಇದೆಯಲ್ಲ, ಹಲಗೆ ಮುರಿದ ಕಾಲುವೆಯ ಆಚೆ..."

"ಅದು ಬತ್ತಿಹೋಯ್ತಲ್ಲ. ಹೋದ ಮಳೆಗಾಲದಲ್ಲೇ."

"ಬತ್ತಿಲ್ಲ ಅಕ್ಕ. ಕೊಯ್ಯದೆ ಕಾಯಿಗೆ ಬಿಟ್ಟಿದ್ದು."

ಲಮಾಯಳ ಕೈಯ ಬೀಸಣಿಗೆ ನಿಂತಿತು. ಮರ ಬತ್ತಿತು ಎಂದು ಸಂಗುವಾನ್ ಹೇಳಿದಾಗ ಅವಳು ಆ ಮರದ ಗೊಟ್ಟವನ್ನು ತೊಳೆದು ಮೂಲೆಗಿಟ್ಟಿದ್ದಳು. ಆಚೆ ದಾಟುವ ಹಲಗೆ ಮುರಿದು ಎಂಟು ತಿಂಗಳಾಗಿತ್ತು. ಸರಿಮಾಡಿಸಿ ಎಂದು ಎಷ್ಟು ಸಲ ಬೈದಿದ್ದಳು! ನಾಳೆ, ನಾಳಿದ್ದು ಎನ್ನುತ್ತಲೇ ಇದ್ದ.

"ಹೊಸವರ್ಷಕ್ಕೆ, ಸೊಂಗ್‌ಕ್ರಾನ್ ಹಬ್ಬದ ದಿನ ಹಲಗೆ ಹಾಕಿ, ನಿಮ್ಮನ್ನ ಕರ್ಕೊಂಡು ಹೋಗಿ ಮರದ ಕೆಳಗೆ ನಿಲ್ಲಿಸ್ತೀನಿ ಅಂತಿದ್ದ. ಅವಳ ಮುಖ ನೋಡ್ಬೇಕು ಕಣೋ ಅಂತಿದ್ದ."

ಹಬ್ಬಕ್ಕೆ ಇನ್ನೂ ನಾಲ್ಕು ದಿನವಿತ್ತು.

"ಎಷ್ಟಿದೆ?" ಎಂದಳು.

"ಗೊನೆ ತುಂಬಾ ಕಚ್ಚಿತ್ತು. ಈ ಸೆಕೆಗೆ ಎಲ್ಲಾ ಉದುರ್ತು. ದಿನಾ ಬೆಳಗ್ಗೆ ಅಣ್ಣ ನೀರಿಗಿಳಿದು ಆಚೆ ದಾಟಿ, ಕೆಳಗೆ ಬಿದ್ದಿದ್ದನ್ನ ಆರಿಸಿ ಕಾಲುವೆಗೆ ಎಸೀತಿದ್ದ, ನಿಮ್ಮ ಕಣ್ಣಿಗೆ ಬೀಳಬಾರ್ದು ಅಂತ. ಈಗ ಒಂದೇ ಒಂದಿದೆ." ತೇಂಗ್ ಎದ್ದ. "ಹೋಗಿ ಇಳಿಸ್ಕೊಂಡ್ ಬರ್ಲಾ?"

ಲಮಾಯ್ ಹೊರಗೆ ನೋಡಿದಳು. ಎರಡು ಗಂಟೆಯ ಬಿಸಿಲು ಅಂಗಳದ ಸಿಮೆಂಟಿನ ಮೇಲೆ ಕುದಿಯುತ್ತಿತ್ತು. ನಾಯಿಗಳು ಕೂಡ ದಹನದ ಮಂಟಪದ ನೆರಳು ಸೇರಿದ್ದವು.

"ಬೇಡ," ಎಂದಳು.

"ಒಂದೇ ಮರ ಅಕ್ಕ."

"ಅವರೂ ಹತ್ತೇ ಅಂದಿದ್ರು. ಕೂತ್ಕೋ ನೀನು."

ಚಲಾವ್ ಕೈ ಚೆಲ್ಲಿದಳು. "ಬೇಕು ಅಂತೀಯ, ಹತ್ತೋನಿಗೆ ಬೇಡ ಅಂತೀಯ. ಕಾಯಿ ತಾನಾಗೇ ನಡ್ಕೊಂಡ್ ಬರುತ್ತಾ?"

"ಇಳಿಹೊತ್ತಿಗೆ ಹತ್ಲಿ. ಅಲ್ಲೀತನಕ ಆಗ್ದಿದ್ರೆ ಆ ಎಂಟರಲ್ಲಿ ಒಂದು ತಗೊಳ್ಳಿ. ನಾನು ಏನೂ ಅನ್ನಲ್ಲ." ಅವಳ ದನಿ ಸಣ್ಣದಾಯಿತು. "ಇನ್ನೊಬ್ಬರನ್ನ ಈ ಬಿಸಿಲಿಗೆ ಹತ್ತಿಸಲ್ಲ."

ಈ ಮಾತೆಲ್ಲ ದೊಡ್ಡ ಭಿಕ್ಕುಗಳ ಕಿವಿಗೆ ಬಿದ್ದಿತ್ತೋ ಏನೋ. ಎಂಬತ್ತು ದಾಟಿದ ಅವರು ನಿಧಾನವಾಗಿ ಬಂದು ಕಂಬಕ್ಕೆ ಒರಗಿ ನಿಂತರು.

"ಸಂಗುವಾನನ ಮನೆಯವರೇ, ಒಂದು ಉಪಕಾರ ಆಗ್ಬೇಕಲ್ಲ. ನಾಲ್ಕಕ್ಕೆ ಅಂದಿದ್ದೆ. ಈ ಸೆಕೆಗೆ ನನಗೆ ತಲೆ ಸುತ್ತುತ್ತಿದೆ. ಐದೂವರೆಗೆ ಇಟ್ಕೊಂಡ್ರೆ ನಿಮಗೇನಾದ್ರೂ ತೊಂದರೆಯಾ?"

ಲಮಾಯ್ ಎರಡೂ ಕೈ ಜೋಡಿಸಿ ಬಾಗಿದಳು. ತಲೆ ಸುತ್ತುತ್ತಿದೆ ಎಂದವರು ಹಿಂತಿರುಗುವಾಗ ಮೆಟ್ಟಿಲನ್ನು ಯಾರ ಆಸರೆಯೂ ಇಲ್ಲದೆ ಇಳಿದರು.

*

ನಾಲ್ಕೂವರೆಗೆ ಮೋಡವೊಂದು ಸೂರ್ಯನಿಗೆ ಅಡ್ಡ ಬಂತು. ತೇಂಗ್ ತನ್ನ ಬಿದಿರ ಏಣಿಗಳಲ್ಲಿ ಒಂದನ್ನು ಕಾಲುವೆಗೆ ಅಡ್ಡ ಹಾಕಿ, ಅದರ ಮೇಲೆ ಬಾಗಿಲಿನ ಹಲಗೆಯೊಂದನ್ನಿಟ್ಟಿದ್ದ. ಲಮಾಯ್ ಮಗಳ ಕೈ ಹಿಡಿದು ದಾಟಿದಳು. ಎಂಟು ತಿಂಗಳ ಮೇಲೆ ಆ ಕಡೆಯ ಮಣ್ಣು ತುಳಿದದ್ದು.

ಮರದ ಬುಡವನ್ನು ಯಾರೋ ಗುಡಿಸಿಟ್ಟಂತಿತ್ತು. ಸುತ್ತ ಒಣ ಗರಿ ಹಾಸಿತ್ತು, ಬೇರಿಗೆ ತಂಪಿರಲೆಂದು. ಉಪ್ಪು ನೀರು ನುಗ್ಗದಂತೆ ಮೊಣಕಾಲೆತ್ತರದ ಮಣ್ಣಿನ ಬದು. ಒಂದು ಹಳೆಯ ಬಕೆಟ್ಟು. ಮನೆಯ ಮಳೆನೀರಿನ ಹಂಡೆಯ ಪಕ್ಕದಿಂದ ಕಾಣೆಯಾಗಿದೆಯೆಂದು ಅವಳು ಹುಡುಕುತ್ತಿದ್ದ ಅದೇ ಬಕೆಟ್ಟು.

"ನಮ್ಮ ಕುಡಿಯೋ ನೀರು ಇದಕ್ಕೆ ಹೊತ್ತಿದಾರಲ್ಲ," ಎಂದಳು ಬುಪ್ಪಾ.

ಲಮಾಯ್ ಕತ್ತೆತ್ತಿದಳು. ಗರಿಗಳ ನಡುವೆ, ಬರಿದಾದ ಗೊನೆಯ ಕಡ್ಡಿಗಳಲ್ಲಿ ಒಂದೇ ಒಂದು ಹಸಿರು ಕಾಯಿ. ಮುಖ ನೋಡಬೇಕೆಂದಿದ್ದವನು ಇರಲಿಲ್ಲ. ಆದರೂ ಅವಳು ಟೋಪಿ ತೆಗೆದು ಮುಖವನ್ನು ಬೆಳಕಿಗೆ ಹಿಡಿದಳು.

ತೇಂಗ್ ಕಾಯಿಯನ್ನು ಬೀಳಿಸಲಿಲ್ಲ. ಹೆಗಲ ಬಟ್ಟೆಯಲ್ಲಿ ಕಟ್ಟಿಕೊಂಡು, ಕೂಸನ್ನು ಇಳಿಸುವಂತೆ ಇಳಿಸಿ, ಅವಳ ಕೈಗೆ ಕೊಟ್ಟ. ಅದು ಬೆಚ್ಚಗಿತ್ತು.

*

ದಹನದ ಮಂಟಪದ ಮೇಲೆ ಪೆಟ್ಟಿಗೆಯ ಮುಚ್ಚಳ ತೆಗೆದರು. ದೊಡ್ಡ ಭಿಕ್ಕುಗಳು ಕಾಯಿಯ ನೆತ್ತಿ ಕೆತ್ತಿಸಿ, ಮೊದಲ ನಾಲ್ಕು ಹನಿ ಹಾಕಿ, ಕಾಯಿಯನ್ನು ಲಮಾಯಳ ಕೈಗೆ ದಾಟಿಸಿ ಹಿಂದೆ ಸರಿದರು.

ಅವಳು ಹಣೆಯಿಂದ ಶುರುಮಾಡಿದಳು. ನೀರು ಹುಬ್ಬಿನ ಬಿಳಿ ಕೂದಲಲ್ಲಿ ನಿಂತು, ಕಣ್ಣಿನ ಗುಳಿ ದಾಟಿ, ನಲವತ್ತು ವರ್ಷ ಕೊಪ್ಪರಿಗೆಯ ಹಬೆ ತಿಂದ ಕೆನ್ನೆಯ ಮೇಲೆ ಇಳಿಯಿತು. ಗಲ್ಲದ ಬಳಿ ಒಂದು ಸಣ್ಣ ಸುಟ್ಟ ಕಲೆಯಿತ್ತು, ಬೆಲ್ಲ ಸಿಡಿದದ್ದು. ಅಲ್ಲಿ ಅವಳು ಬೆರಳಿಂದ ಎರಡು ಸಲ ಉಜ್ಜಿದಳು.

"ಕೊಂಡು ತರ್ಲಿಲ್ಲ ನೋಡಿ," ಎಂದಳು, ಅವನಿಗಷ್ಟೇ ಕೇಳುವಂತೆ.

ಕಾಯಿ ಇನ್ನೂ ಹಗುರವಾಗಿರಲಿಲ್ಲ. ತಳದಲ್ಲಿ ಒಂದೆರಡು ಗುಟುಕು ಅಲ್ಲಾಡುತ್ತಿತ್ತು. ಕೆಳಗೆ ಮೆಟ್ಟಿಲ ತುಂಬ, ಚಿತೆಗಿಡಲು ಗಂಧದ ಚಕ್ಕೆಯಲ್ಲಿ ಮಾಡಿದ ಹೂ ಹಿಡಿದು ಊರೇ ನಿಂತಿತ್ತು. ಸತ್ತವರಿಗೆಂದು ಕೆತ್ತಿದ ಕಾಯಿಯ ನೀರನ್ನು ಬದುಕಿದವರು ಮುಟ್ಟುವುದಿಲ್ಲ. ಲಮಾಯ್ ಕಾಯಿಯನ್ನು ಎದೆಗೆ ಹಿಡಿದು ನಿಂತಳು.

ಚಲಾವ್ ಅವಳ ಕೈ ನೋಡಿದಳು. ಕಾಯಿ ನೋಡಿದಳು. ಆಮೇಲೆ ಗಕ್ಕನೆ ಜನರ ಕಡೆ ತಿರುಗಿ ಕೂಗಿದಳು:

"ಏ, ಗೇಟಿನ ಹತ್ರ ಯಾರ್ರೋ ಅದು ಬಂದಿದ್ದು? ದೂರದೋರು ಇದ್ದಂಗಿದಾರೆ, ನೋಡ್ರೋ! ಎಲ್ರೂ ಕಂಬದ ಹಂಗೆ ನಿಂತಿದೀರಲ್ಲ, ದಾರಿ ಬಿಡ್ರೋ!"

ಊರೆಲ್ಲ ಗೇಟಿನ ಕಡೆ ತಿರುಗಿತು. ದೊಡ್ಡ ಭಿಕ್ಕುಗಳೂ ತಿರುಗಿದರು. ತೇಂಗನೂ, ಬುಪ್ಪಾಳೂ. ಗೇಟಿನ ಹತ್ತಿರ ಸಂಜೆಯ ಬೆಳಕಲ್ಲಿ ಒಂದು ನಾಯಿ ಮಾತ್ರ ಬಾಲ ಅಲ್ಲಾಡಿಸುತ್ತಿತ್ತು. ಎಲ್ಲರೂ ಅದನ್ನೇ ಬಹಳ ಹೊತ್ತು ನೋಡಿದರು.

ಅಷ್ಟರಲ್ಲಿ ಲಮಾಯ್ ತಲೆ ಹಿಂದಕ್ಕೆ ಬಾಗಿಸಿ ಕಾಯಿಯನ್ನು ತುಟಿಗೆ ಎತ್ತಿದ್ದಳು.