ಆಗ್ತಿಲ್ಲ ಅಂದಿದ್ದು, ಮಾಡಲ್ಲ ಅಂತ ಕೇಳಿಸಿದ್ದು

ಟೈಲರ್ ಅಕ್ಕನ ಅಂಗಡಿಯಲ್ಲಿ ಎರಡು ಕತ್ತರಿ. ದೊಡ್ಡದು ಬಟ್ಟೆಗೆ, ಚಿಕ್ಕದು ಮಿಕ್ಕಿದ್ದಕ್ಕೆಲ್ಲ. ಬಟ್ಟೆ ಕತ್ತರಿಯನ್ನು ಯಾರಾದರೂ ಮರೆತು ಕಾಗದಕ್ಕೆ ತಾಗಿಸಿದರೆ ಸಾಕು, ಅಕ್ಕ ಮಿಷನ್ನು ನಿಲ್ಲಿಸಿ ಎದ್ದು ಬರುತ್ತಿದ್ದಳು. ಅವಳ ಗಂಡ ಬಸ್ ಡ್ರೈವರ್. ಒಮ್ಮೆ ಪಾಪ ಗೊತ್ತಿಲ್ಲದೆ ಅದರಲ್ಲಿ ಹಾಲಿನ ಪ್ಯಾಕೆಟ್ ಕತ್ತರಿಸಿದ. "ಬಾಯಿ ಮೊಂಡಾದ್ರೆ ಆಮೇಲೆ ರೇಷ್ಮೆ ಬಟ್ಟೇನ ಹಲ್ಲಲ್ಲಿ ಕಚ್ಚಿ ಹರೀತೀರಾ?" ಎಂದು ಅಕ್ಕ ಅವನಿಗೆ ಹಾಲು ಕಾಯುವ ತನಕ ಬೈದಿದ್ದಳು. ಕತ್ತರಿಯ ವಿಷಯ ಮೊದಲೇ ಹೇಳಿಬಿಡುವುದು ಒಳ್ಳೆಯದು. ಈ ಕಥೆಯಲ್ಲಿ ಕೆಲಸ ಕೆಟ್ಟದ್ದು ಆ ಕತ್ತರಿಯಿಂದಲೇ.

ಅಕ್ಕನಿಗೆ ಒಬ್ಬಳು ತಂಗಿ. ಸಣ್ಣಗೆ, ಚುರುಕಾಗಿ, ಬಾಯಿ ಬಿಟ್ಟರೆ ಚುಚ್ಚುವ ಹಾಗಿದ್ದಾಳೆಂದು ಅಪ್ಪ ಅವಳನ್ನು 'ಸೂಜಿ' ಎಂದು ಕರೆದ. ಕೊನೆಗೆ ಅದೇ ಹೆಸರು ನಿಂತಿತು. ಅಂಗಡಿಯ ಹಿಂದೆ ಮನೆ, ಮನೆಯ ಹಿಂದಿನ ಕೋಣೆಯಲ್ಲಿ ಸೂಜಿಯ ವಾಸ. ಅಕ್ಕ ಹೊಲಿಯುವುದು, ಸೂಜಿ ಅಳತೆ ತೆಗೆಯುವುದು. "ಉಸಿರು ಬಿಡಿ ಮೇಡಂ. ಹೊಟ್ಟೆ ಒಳಗೆಳ್ಕೊಂಡು ಅಳತೆ ಕೊಟ್ರೆ ಆಮೇಲೆ ಗುಂಡಿ ಹಾರಿ ಯಾರ ಕಣ್ಣಿಗಾದ್ರೂ ಬೀಳುತ್ತೆ" ಎಂದು ಬಂದವರನ್ನು ನಗಿಸುತ್ತಿದ್ದಳು. ಸೊಂಟ ದಾಟುವ ಜಡೆ ಅವಳದು. ಬಗ್ಗಿ ಕಾಲಿನ ಅಳತೆ ತೆಗೆಯುವಾಗ ಅದು ನೆಲಕ್ಕೆ ತಾಗದಿರಲೆಂದು ತುದಿಯನ್ನು ಹಲ್ಲಲ್ಲಿ ಕಚ್ಚಿಕೊಳ್ಳುತ್ತಿದ್ದಳು.

ಇಂಥ ಹುಡುಗಿಯ ಮಾತು ಯಾವಾಗ ಕಡಿಮೆಯಾಯಿತೋ ಅಕ್ಕನಿಗೆ ಗೊತ್ತಾಗಲಿಲ್ಲ. ಮದುವೆಗಳ ಕಾಲ, ತಲೆ ಎತ್ತಲು ಪುರುಸೊತ್ತಿರಲಿಲ್ಲ. ಮೊದಲು ಸೂಜಿ ತಡವಾಗಿ ಏಳತೊಡಗಿದಳು. ಆಮೇಲೆ ನಿನ್ನೆಯ ಬಟ್ಟೆಯಲ್ಲೇ ಅಂಗಡಿಗೆ ಬಂದಳು, ಮೊನ್ನೆಯದರಲ್ಲೂ ಬಂದಳು. ಜಡೆ ಬಿಚ್ಚುವುದು ನಿಂತಿತು. ಬಚ್ಚಲಿನಲ್ಲಿ ಅವಳ ಹಲ್ಲುಜ್ಜುವ ಬ್ರಷ್ಷು ಒಣಗಿಕೊಂಡೇ ಇರುತ್ತಿತ್ತು. ಅಕ್ಕ ನೀರು ಕಾಯಿಸಿಟ್ಟು ಕೂಗಿದರೆ ಒಳಗಿನಿಂದ ಒಂದೇ ಉತ್ತರ ಬರುತ್ತಿತ್ತು.

"ಆಗ್ತಿಲ್ಲ ಅಕ್ಕ."

"ಆಗ್ತಿಲ್ಲ ಅಂದ್ರೇನೇ? ಕೈಕಾಲು ಬಿದ್ದುಹೋಗಿದ್ಯಾ? ಎರಡು ಚೊಂಬು ನೀರು ಹುಯ್ಕೊಳ್ಳೋಕೆ ಏನು ಗುಡ್ಡ ಅಗೀಬೇಕಾ?"

ಕಾದ ನೀರು ತಣ್ಣಗಾಗುತ್ತಿತ್ತು. "ಕೊಬ್ಬು" ಎಂದು ಅಕ್ಕ ಗೊಣಗಿಕೊಂಡು ಅಂಗಡಿಯ ಬಾಗಿಲು ತೆಗೆಯುತ್ತಿದ್ದಳು.

ಅಳತೆ ತೆಗೆಯುವ ಕೆಲಸ ದೂರ ನಿಂತು ಮಾಡುವಂಥದ್ದಲ್ಲ. ಎದುರಿನವರ ಕಂಕುಳ ಕೆಳಗೆ ಕೈ ಹಾಕಿ ಟೇಪು ಸುತ್ತಬೇಕು. ಗಿರಾಕಿಗಳು ಮುಖ ಸಿಂಡರಿಸತೊಡಗಿದರು. ಬಾಯಿಬಿಟ್ಟು ಯಾರೂ ಏನೂ ಅನ್ನಲಿಲ್ಲ, "ಅಳತೆ ನೀವೇ ತೆಗೀರಿ ಅಕ್ಕ" ಎನ್ನತೊಡಗಿದರು. ಎದುರು ಸಾಲಿನ ಬೇಕರಿಯ ಯಜಮಾನಿ ಅಂತೂ ಸೂಜಿ ಟೇಪು ಹಿಡಿದು ಹತ್ತಿರ ಬಂದಾಗ ಒಂದು ಹೆಜ್ಜೆ ಹಿಂದೆ ಸರಿದೇಬಿಟ್ಟಳು. ಅಕ್ಕನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆ ಅವಮಾನದಲ್ಲಿ ನಾಲಿಗೆ ಹಿಡಿತ ತಪ್ಪಿತು. "ಮೊದಲು ಹೋಗಿ ಮೈ ತೊಳ್ಕೊಂಡು ಬಾ, ನಾಯಿ ಕೂಡ ಇದಕ್ಕಿಂತ ವಾಸಿ" ಎಂದಳು, ಎಲ್ಲರ ಎದುರಿಗೆ. ಸೂಜಿ ಟೇಪನ್ನು ಮಡಚಿ ಮೇಜಿನ ಮೇಲಿಟ್ಟು ಒಳಗೆ ಹೋದಳು.

ಬೇಕರಿಯ ಯಜಮಾನಿ ಹೋದ ಮೇಲೂ ಅಕ್ಕನ ಸಿಟ್ಟು ಇಳಿಯಲಿಲ್ಲ. ಬಾಚಣಿಗೆ ಹಿಡಿದು ಒಳಗೆ ನುಗ್ಗಿದಳು. ಸೂಜಿ ಹಾಸಿಗೆಯ ಮೇಲೆ ಗೋಡೆಗೆ ಮುಖ ಮಾಡಿ ಕೂತಿದ್ದಳು. ಜಡೆ ಕತ್ತಿನ ಹತ್ತಿರ ಗಂಟುಗಟ್ಟಿ ತೆಂಗಿನ ನಾರಿನ ಹಾಗಾಗಿತ್ತು. ಅಕ್ಕ ಬಾಚಣಿಗೆ ಹಾಕಿ ಎಳೆದಳು. ಬಾಚಣಿಗೆಯ ಹಲ್ಲು ಮುರಿಯಿತು.

"ನೋಯುತ್ತೆ ಅಕ್ಕ. ಬಿಡು. ಆಗ್ತಿಲ್ಲ."

"ಆಗಲ್ವಾ? ನಿನಗೆ ಆಗ್ದಿದ್ರೆ ನನಗೆ ಆಗುತ್ತೆ" ಎಂದವಳೇ ಅಕ್ಕ ಅಂಗಡಿಗೆ ಹೋಗಿ ಕೈಗೆ ಸಿಕ್ಕಿದ ಕತ್ತರಿ ತಂದು ಜಡೆಯನ್ನು ಬುಡದಲ್ಲಿ ಕತ್ತರಿಸಿಬಿಟ್ಟಳು. ಒಂದೇ ಸಲಕ್ಕೆ ಬರಲಿಲ್ಲ, ಕಚಕಚನೆ ಕೊಯ್ಯಬೇಕಾಯಿತು. ಕೈಗೆ ಸಿಕ್ಕಿದ್ದು ದೊಡ್ಡ ಕತ್ತರಿ, ಬಟ್ಟೆಯದು. ಅದು ಅವಳಿಗೆ ಆಗ ಗೊತ್ತೇ ಆಗಲಿಲ್ಲ.

ಸೂಜಿ ಕಿರುಚಲಿಲ್ಲ, ಅಳಲಿಲ್ಲ. ಕತ್ತಿನ ಹಿಂದೆ ಕೈ ಆಡಿಸಿ ನೋಡಿಕೊಂಡಳು. ಆಮೇಲೆ ಅಕ್ಕನ ಕೈಯಲ್ಲಿದ್ದ ಕತ್ತರಿಯನ್ನು ನೋಡಿ, ಹೊದಿಕೆ ಎಳೆದುಕೊಂಡು ಮಲಗಿದಳು. ಅಂದಿನಿಂದ ಅವಳು ಅಂಗಡಿಗೆ ಕಾಲಿಡಲಿಲ್ಲ. ಕೋಣೆಯ ಬಾಗಿಲು ಮುಚ್ಚಿಯೇ ಇರುತ್ತಿತ್ತು, ಊಟದ ತಟ್ಟೆ ಹೋದ ಹಾಗೆಯೇ ವಾಪಸ್ಸು ಬರುತ್ತಿತ್ತು. ಬೈಯಲು ಕೂಡ ಅಕ್ಕನಿಗೆ ಬಾಯಿ ಬರದಾಯಿತು. ಜಡೆಯನ್ನು ಎಸೆಯಲೂ ಮನಸ್ಸಾಗದೆ ಒಂದು ತುಂಡು ಬಟ್ಟೆಯಲ್ಲಿ ಸುತ್ತಿ ಮಿಷನ್ನಿನ ಡ್ರಾಯರಿನಲ್ಲಿಟ್ಟಳು.

ಹೀಗಿರುವಾಗ ಒಂದು ಮಧ್ಯಾಹ್ನ ಆಸ್ಪತ್ರೆಯ ನರ್ಸಮ್ಮ ಸಮವಸ್ತ್ರದ ತೋಳು ಬಿಗಿಯಾಗುತ್ತದೆ, ಸ್ವಲ್ಪ ಬಿಡಿಸಿಕೊಡಿ ಎಂದು ಅಂಗಡಿಗೆ ಬಂದರು. ಡ್ರೈವರ್ ಅಂದು ರಜೆಯಲ್ಲಿದ್ದ, ಮೂಲೆಯ ಸ್ಟೂಲಿನ ಮೇಲೆ ಕೂತು ಟೀ ಕುಡಿಯುತ್ತಿದ್ದ.

"ಎಲ್ಲಿ ನಿಮ್ಮ ಸೂಜಿ? ಅವಳು ಮಾತಲ್ಲಿ ಚುಚ್ಚದೆ ಅಳತೆ ತಗೊಂಡ್ರೆ ನನಗೆ ಸಮಾಧಾನ ಆಗಲ್ಲ" ಎಂದರು ನರ್ಸಮ್ಮ.

ಅಕ್ಕ ತಡೆಯಲಾರದೆ ಎಲ್ಲವನ್ನೂ ಹೇಳಿಕೊಂಡಳು, ಕತ್ತರಿಯದ್ದೊಂದು ಬಿಟ್ಟು. "ಅವಳಿಗೇನು ಕಡಿಮೆ ಹೇಳಿ ನರ್ಸಮ್ಮ. ಊಟ ಇದೆ, ಸೂರು ಇದೆ, ಯಾರೂ ಒಂದು ಮಾತು ಅಂದಿಲ್ಲ." ಆ ಕೊನೆಯ ಮಾತು ಆಡುವಾಗ ಅವಳ ದನಿ ತಾನಾಗಿಯೇ ಇಳಿಯಿತು.

ನರ್ಸಮ್ಮ ನಗಲಿಲ್ಲ. "ಅಕ್ಕ, ಒಂದು ಮಾತು ಸರಿಯಾಗಿ ನೆನಪು ಮಾಡ್ಕೊಂಡು ಹೇಳಿ. ಸ್ನಾನ ಮಾಡು ಅಂದಾಗ ಅವಳು 'ಮಾಡಲ್ಲ' ಅಂದಳಾ, 'ಆಗ್ತಿಲ್ಲ' ಅಂದಳಾ?"

ಎಷ್ಟು ಹುಡುಕಿದರೂ ಅಕ್ಕನಿಗೆ 'ಮಾಡಲ್ಲ' ಎಂಬ ಮಾತು ನೆನಪಿಗೆ ಬರಲಿಲ್ಲ. ಒಂದು ಸಲವೂ ಅಂದಿರಲಿಲ್ಲ ಆ ಹುಡುಗಿ. ಆಗ್ತಿಲ್ಲ, ಆಗ್ತಿಲ್ಲ ಎಂದೇ ಹೇಳುತ್ತಾ ಬಂದಿದ್ದಳು. ಕೇಳಿಸಿಕೊಂಡವಳು ಮಾತ್ರ ಬೇರೇನೋ ಕೇಳಿಸಿಕೊಂಡಿದ್ದಳು.

"ಇದು ಖಿನ್ನತೆ ಇರಬಹುದು" ಎಂದರು ನರ್ಸಮ್ಮ. "ಮನಸ್ಸಿನ ಕಾಯಿಲೆ. ಕಾರಣ ಇದ್ದೂ ಬರುತ್ತೆ, ಇಲ್ಲದೆಯೂ ಬರುತ್ತೆ. ಮೈಯಲ್ಲಿ ತ್ರಾಣ ಇರಲ್ಲ, ಯಾವುದೂ ಬೇಕು ಅನ್ಸಲ್ಲ. ಮೊದಲು ಕೈಬಿಟ್ಟು ಹೋಗೋದೇ ಇಂಥವು, ಹಲ್ಲುಜ್ಜೋದು, ತಲೆ ಬಾಚೋದು, ಬಟ್ಟೆ ಬದಲಿಸೋದು."

ಡ್ರೈವರಿಗೆ ನಂಬಿಕೆ ಬರಲಿಲ್ಲ. "ಸೋಮಾರಿತನಕ್ಕೂ ಮಾತ್ರೆ ಬಂತಾ ನರ್ಸಮ್ಮ? ಹಾಗಿದ್ರೆ ನಮ್ಮ ಕಂಡಕ್ಟರಿಗೂ ಒಂದು ಬರ್ಕೊಡಿ."

"ಬ್ಯಾಟರಿ ಇಳಿದಿರೋ ಬಸ್ಸನ್ನ ಸೋಮಾರಿ ಅಂತ ಬೈತೀರಾ?"

"ಕೆಲವು ಸಲ ಬೈದಿದ್ದೀನಿ."

"ಸ್ಟಾರ್ಟ್ ಆಯ್ತಾ?"

ಡ್ರೈವರ್ ಟೀ ಲೋಟದೊಳಗೆ ನೋಡಿದ. ಅಕ್ಕ ಅಷ್ಟರಲ್ಲಿ ಅಳತೊಡಗಿದ್ದಳು. ಮುಚ್ಚಿಟ್ಟಿದ್ದ ಕತ್ತರಿಯ ವಿಷಯವೂ ಅಳುವಿನ ಜೊತೆಗೇ ಹೊರಬಂತು.

ನರ್ಸಮ್ಮ ಬೈಯಲಿಲ್ಲ. "ಈಗಲೇ ಒಳಗೆ ಹೋಗಿ ಮಾತಾಡಿಸಿ. ಬದುಕೋದು ಬೇಡ ಅನ್ಸುತ್ತಾ ಅಂತಲೂ ಕೇಳಿ. ಕೇಳಿದ್ರೆ ಇಲ್ಲದ ಯೋಚನೆ ಬರುತ್ತೆ ಅಂತ ಹೆದರ್ಕೋಬೇಡಿ. ಕೇಳೋರು ಸಿಕ್ಕಿದ್ರಲ್ಲ ಅಂತ ಅವಳಿಗೆ ಭಾರ ಇಳಿಯುತ್ತೆ. ನಾನು ಇಲ್ಲೇ ಇರ್ತೀನಿ."

ಅಕ್ಕ ಒಳಗೆ ಹೋಗಿ ಹಾಸಿಗೆಯ ಪಕ್ಕ ನೆಲದ ಮೇಲೆ ಕೂತಳು.

"ತಪ್ಪಾಯ್ತು ಕಣೇ. ನಿನ್ನ ಕೂದಲು..."

"ಬೇಜಾರು ಕೂದಲಿಗಲ್ಲ ಅಕ್ಕ" ಎಂದಳು ಸೂಜಿ, ಹೊದಿಕೆಯ ಒಳಗಿನಿಂದ. "ನೀನು ಬಟ್ಟೆ ಕತ್ತರೀಲಿ ಕತ್ತರಿಸ್ದೆ. ಭಾವ ಒಂದು ಹಾಲಿನ ಪ್ಯಾಕೆಟ್ ಕತ್ತರಿಸಿದ್ದಕ್ಕೆ ಅಷ್ಟು ಬೈದವಳು. ಕೋಪದಲ್ಲಿ ಅದೂ ನಿನಗೆ ಕಾಣಿಸ್ಲಿಲ್ಲ. ಅಷ್ಟು ಬೇಡವಾದವಳು ಆಗಿಬಿಟ್ನಲ್ಲ ಅನ್ನಿಸ್ತು."

ಅಕ್ಕ ಹೊದಿಕೆಯ ಮೇಲೆ ಕೈಯಿಟ್ಟಳು. ಸೂಜಿ ಮುಂದುವರಿಸಿದಳು.

"ನಿನಗೆ ಸ್ನಾನ ಅಂದ್ರೆ ಒಂದು ಕೆಲಸ. ನನಗೆ ಏಳೋದೇ ಒಂದು ಕೆಲಸ. ಆಮೇಲೆ ಟವೆಲ್ ಹುಡುಕ್ಬೇಕು, ಬಟ್ಟೆ ಬಿಚ್ಬೇಕು, ನಿಂತ್ಕೋಬೇಕು, ಒದ್ದೆ ಮೈ ಒರೆಸ್ಕೋಬೇಕು. ಎಷ್ಟು ಸಲ ಬಚ್ಚಲ ಬಾಗಿಲ ತನಕ ಹೋಗಿ ವಾಪಸ್ ಬಂದಿದ್ದೀನಿ ಗೊತ್ತಾ? ನನ್ನ ವಾಸನೆ ನನಗೂ ಬರುತ್ತೆ ಅಕ್ಕ. ಅದಕ್ಕೇ ಬಾಗಿಲು ಹಾಕ್ಕೊಂಡಿರೋದು."

ಕೇಳಬೇಕಾದ್ದನ್ನು ಅಕ್ಕ ಧೈರ್ಯ ಮಾಡಿ ಕೇಳಿದಳು. ಸೂಜಿ ಗೋಡೆಯ ಕಡೆ ತಿರುಗಿ, "ಬೆಳಿಗ್ಗೆ ಎಚ್ಚರ ಆಗ್ದೇ ಇದ್ರೆ ಚೆನ್ನಾಗಿರೋದು ಅನ್ಸುತ್ತೆ" ಎಂದಳು. ಅಕ್ಕ ಅವಳ ಕೈ ಹಿಡಿದುಕೊಂಡು ನರ್ಸಮ್ಮನನ್ನು ಕೂಗಿದಳು.

ಆ ಮಧ್ಯಾಹ್ನವೇ ಆಸ್ಪತ್ರೆಗೆ ಹೋದರು. "ಹೀಗೇ ಬರ್ಲಾ, ಮೈ ತೊಳೀದೆ?" ಎಂದು ಸೂಜಿ ಕೇಳಿದಳು. "ಹೀಗೇ ಬಾ. ಜ್ವರ ಬಂದೋರು ಜ್ವರ ಇಳಿಸ್ಕೊಂಡು ಬರ್ತಾರಾ?" ಎಂದರು ನರ್ಸಮ್ಮ. ಡ್ರೈವರ್ ಆಟೋ ತಂದು ನಿಲ್ಲಿಸಿದ.

ಡಾಕ್ಟರು ಮಾತ್ರೆ ಬರೆದರು, ವಾರಕ್ಕೊಮ್ಮೆ ಬಂದು ಮಾತಾಡಿ ಹೋಗಬೇಕೆಂದರು. ಮಾತ್ರೆ ಕೆಲಸ ಮಾಡಲು ಕೆಲವು ವಾರ ಬೇಕು, ನಿಮ್ಮಷ್ಟಕ್ಕೆ ನಿಲ್ಲಿಸಬೇಡಿ, ಅವಳನ್ನು ಒಂಟಿಯಾಗಿ ಬಿಡಬೇಡಿ ಎಂದೂ ಹೇಳಿದರು. ಸ್ನಾನದ ಮಾತು ಬಂದಾಗ, ಪೂರ್ತಿ ಸ್ನಾನವೇ ಆಗಬೇಕೆಂದಿಲ್ಲ, ಆದಷ್ಟೇ ಸಾಕು ಎಂದರು. ಬರುವಾಗ ದಾರಿಯುದ್ದಕ್ಕೂ ಅಕ್ಕ ಆ ಮಾತನ್ನೇ ಯೋಚಿಸುತ್ತಾ ಬಂದಳು. ಹೊಲಿಗೆಯವರಿಗೆ ಇದು ಗೊತ್ತಿಲ್ಲದ್ದೇನಲ್ಲ. ಮಿಷನ್ನಿನಲ್ಲಿ ಪಕ್ಕಾ ಹೊಲಿಗೆ ಹಾಕುವ ಮೊದಲು ಕೈಯಲ್ಲಿ ದೂರ ದೂರ ನಾಲ್ಕು ಎಳೆ ಹಾಕಿ ಬಟ್ಟೆ ನಿಲ್ಲಿಸುತ್ತಾರೆ. ಅದಕ್ಕೆ ಕಚ್ಚಾ ಹೊಲಿಗೆ ಎನ್ನುತ್ತಾರೆ.

ಮಾರನೆಯ ಬೆಳಿಗ್ಗೆ ಅಕ್ಕ ಕೂಗಲಿಲ್ಲ. ಒಂದು ಬೋಗುಣಿ ಬಿಸಿನೀರು, ಒಂದು ಮೆತ್ತನೆಯ ಬಟ್ಟೆ, ಬಾಯಿ ಮುಕ್ಕಳಿಸಲು ಲೋಟ, ಒಗೆದ ಒಂದು ಅಂಗಿ, ಎಲ್ಲವನ್ನೂ ಹಾಸಿಗೆಯ ಪಕ್ಕಕ್ಕೇ ತಂದಿಟ್ಟಳು. "ಇವತ್ತು ಕಚ್ಚಾ ಹೊಲಿಗೆ ಸಾಕು ಕಣೇ. ಮುಖ, ಕಂಕುಳು, ಅಷ್ಟೇ. ಪಕ್ಕಾ ಆಮೇಲೆ ನೋಡೋಣ." ಸೂಜಿ ಕೂತಲ್ಲೇ ಮುಖ ಒರೆಸಿಕೊಂಡಳು. ಅಂಗಿ ಬದಲಿಸಲು ಆಗಲಿಲ್ಲ. ಅಕ್ಕ ಒತ್ತಾಯ ಮಾಡಲಿಲ್ಲ.

ಅಂದಿನಿಂದ ಮನೆಯಲ್ಲಿ ಆ ಮಾತೇ ನಡೆಯಿತು. "ಇವತ್ತು ಕಚ್ಚಾನಾ, ಪಕ್ಕಾನಾ?" ಸೂಜಿ ಹೇಳಿದ್ದಕ್ಕೆ ಮರುಮಾತಿಲ್ಲ. ನಿಂತು ಸ್ನಾನ ಮಾಡಲು ಸುಸ್ತು ಎಂದಾಗ ಡ್ರೈವರ್ ಅಂಗಡಿಯ ತನ್ನ ಸ್ಟೂಲನ್ನೇ ಬಚ್ಚಲಿಗೆ ಸಾಗಿಸಿದ. "ನಾನು ನಿಂತೇ ಟೀ ಕುಡೀತೀನಿ, ಬಸ್ಸಲ್ಲಿ ಕೂತು ಕೂತು ಸಾಕಾಗಿದೆ" ಎಂದ. ಕೆಲವು ದಿನ ಕಚ್ಚಾನೂ ಆಗುತ್ತಿರಲಿಲ್ಲ. ಆಗ ಅಕ್ಕ ಬೋಗುಣಿಯನ್ನು ಎತ್ತಿಕೊಂಡು ಹೋಗಿ ನೀರನ್ನು ಗಿಡಕ್ಕೆ ಹಾಕುತ್ತಿದ್ದಳು. ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತಿದ್ದೂ ಉಂಟು.

ತಿಂಗಳುಗಳು ಕಳೆದ ಮೇಲೆ ಒಂದು ದಿನ ಸೂಜಿ ತಾನಾಗಿ ಅಂಗಡಿಗೆ ಬಂದು ಟೇಪನ್ನು ಕೊರಳಿಗೆ ಹಾಕಿಕೊಂಡಳು. ಕೂದಲು ಕಿವಿಯ ಕೆಳಗೆ ಬಂದಿತ್ತು, ತೊಳೆದು ಬಾಚಿತ್ತು. ಅಂದು ಅಳತೆಗೆ ಬಂದವಳು ಅದೇ ಬೇಕರಿಯ ಯಜಮಾನಿ. ಸೂಜಿ ಟೇಪು ಹಿಡಿದು ಹತ್ತಿರ ಹೋದಾಗ ಅಕ್ಕನ ಕಾಲು ಮಿಷನ್ನಿನ ಮೇಲೆ ನಿಂತುಹೋಯಿತು. ಈ ಸಲ ಯಜಮಾನಿ ಹಿಂದೆ ಸರಿಯಲಿಲ್ಲ. ಕೈ ಎತ್ತಿ ಅಳತೆ ಕೊಡುತ್ತಾ, "ಅಯ್ಯೋ, ಅಷ್ಟು ಚೆಂದದ ಜಡೆ ಏನಾಯ್ತಮ್ಮ?" ಎಂದಳು.

ಸೂಜಿ ಟೇಪಿನಿಂದ ಕಣ್ಣು ತೆಗೆಯಲಿಲ್ಲ. "ಗಂಟಾಗಿತ್ತು, ಕತ್ತರಿಸ್ಬಿಟ್ವಿ" ಎಂದಳು. "ಉಸಿರು ಬಿಡಿ ಮೇಡಂ."

ಕತ್ತರಿಸ್ಬಿಟ್ವಿ. ಕತ್ತರಿಸಿದ್ದು ಅಕ್ಕ ಒಬ್ಬಳೇ. ತಂಗಿ ಅದರಲ್ಲಿ ತನ್ನನ್ನೂ ಸೇರಿಸಿಕೊಂಡು ಅಕ್ಕನ ಮಾನ ಕಾಪಾಡಿದಳು. ಯಜಮಾನಿ ಹೋದ ಮೇಲೆ ಅಕ್ಕ ಬಟ್ಟೆ ಕತ್ತರಿ ಕೈಗೆತ್ತಿಕೊಂಡಳು. ಅದಕ್ಕೆ ಸಾಣೆ ಹಿಡಿಸಿ ಆಗಿತ್ತು, ಬಾಯಿ ಚೂಪಾಗಿಯೇ ಇತ್ತು. ಆದರೂ ಅವಳಿಗೆ ಪ್ರತಿ ಸಲ ಬಟ್ಟೆಯ ನಡುವೆ ಏನೋ ಒಂದು ಎಳೆ ಸಿಕ್ಕಿಹಾಕಿಕೊಂಡ ಹಾಗೆ ಅನ್ನಿಸುತ್ತದೆ, ಇವತ್ತಿಗೂ.

ಈ ಕಥೆ ಓದುತ್ತಿರುವವರೇ, ಕೇಳುತ್ತಿರುವವರೇ, ನಿಮ್ಮ ಮನೆಯಲ್ಲೂ ಯಾರೋ ಒಬ್ಬರು ತಲೆ ಬಾಚದೆ, ಬಟ್ಟೆ ಬದಲಿಸದೆ, ಗೋಡೆಗೆ ಮುಖ ಮಾಡಿ ಕೂತಿರಬಹುದು. ಗಲೀಜು ಎನ್ನಬೇಡಿ, ಕೊಬ್ಬು ಎನ್ನಬೇಡಿ, ನಾಲ್ಕು ಜನರ ಎದುರು ಹಂಗಿಸಬೇಡಿ. ನೀರನ್ನೂ ಬಟ್ಟೆಯನ್ನೂ ಅವರ ಹತ್ತಿರಕ್ಕೇ ಒಯ್ಯಿರಿ, ಮುಖ ಒರೆಸಿಕೊಂಡರೆ ಅದನ್ನೇ ದೊಡ್ಡದೆಂದು ತಿಳಿಯಿರಿ. ಪಕ್ಕದಲ್ಲಿ ಕೂತು ಕೇಳಿ, ಹತ್ತಿರದ ಆಸ್ಪತ್ರೆಗೆ ನೀವೇ ಕರೆದುಕೊಂಡು ಹೋಗಿ. ಬದುಕು ಬೇಡ ಎಂಬ ಮಾತು ಬಾಯಿಂದ ಬಂದರೆ ನಾಳೆಗೆ ಕಾಯಬೇಡಿ. ಇನ್ನು ಗೋಡೆಗೆ ಮುಖ ಮಾಡಿ ಕೂತವರು ನೀವೇ ಆಗಿದ್ದರೆ, ಇದು ನಿಮ್ಮ ತಪ್ಪಲ್ಲ. ಇವತ್ತಿಗೆ ಕಚ್ಚಾ ಹೊಲಿಗೆ ಸಾಕು, ಯಾರಾದರೂ ಒಬ್ಬರಿಗೆ ಹೇಳಿ.

ನಿಮ್ಮವರು "ಆಗ್ತಿಲ್ಲ" ಎಂದರೆ ದಯವಿಟ್ಟು "ಆಗ್ತಿಲ್ಲ" ಎಂದೇ ಕೇಳಿಸಿಕೊಳ್ಳಿ. ಟೈಲರ್ ಅಕ್ಕನಿಗೆ ಅದು ಕೇಳಿಸುವ ಹೊತ್ತಿಗೆ ಜಡೆ ಡ್ರಾಯರಿನಲ್ಲಿತ್ತು.